ಖಾಲಿ ಪುಸ್ತಕ ಪುಸ್ತಕವಲ್ಲ

ಬೇರೆ ದೇಶದ ಗಿರಾಕಿಯೊಬ್ಬರಿಗೆ ಕಳಿಸಿದ್ದ ಪಾರ್ಸಲ್ ನಾಲ್ಕು ತಿಂಗಳಾದ ಮೇಲೆ ನನ್ನ ಬಾಗಿಲಿಗೇ ವಾಪಸ್ ಬಂತು. ಡಬ್ಬಿಯ ಮೂಲೆಗಳು ಜಜ್ಜಿ ಹೋಗಿದ್ದವು. ಮೇಲೆ ನನಗೆ ಓದಲು ಬಾರದ ಭಾಷೆಯ ಎರಡು ಸ್ಟಿಕ್ಕರ್, ಅರ್ಧ ಅಳಿಸಿದ ಒಂದು ಸೀಲು. ಒಳಗಿದ್ದ ಎರಡು ನೋಟ್‌ಬುಕ್ ಮಾತ್ರ ನಾನು ಸುತ್ತಿಟ್ಟ ಹಾಗೇ ಇದ್ದವು, ಕಾಗದದ ಮಡಿಕೆ ಕೂಡ ಅಲುಗಾಡಿರಲಿಲ್ಲ. ಅಷ್ಟು ದೂರ ಹೋಗಿ ಬಂದ ಡಬ್ಬಿಯನ್ನು ಯಾರೂ ತೆರೆದೇ ನೋಡಿರಲಿಲ್ಲ. ಅವರು ಓದಿದ್ದು ಹೊರಗೆ ನಾನು ಬರೆದಿದ್ದ ಒಂದೇ ಒಂದು ಪದ. ಆ ಪದವೇ ತಪ್ಪಾಗಿತ್ತು.

ನಾನು ಬರೆದಿದ್ದು 'ಬುಕ್ಸ್' ಅಂತ.

ಇದರಲ್ಲಿ ತಪ್ಪೇನು ಅಂತ ಆಗ ನನಗೂ ಅನ್ನಿಸಿತ್ತು. ಹೊಲಿಗೆ ಇದೆ, ರಟ್ಟು ಇದೆ, ಹಾಳೆ ಇದೆ, ಪುಸ್ತಕ ಅಲ್ಲದೆ ಇನ್ನೇನು? ಆದರೆ ಗಡಿ ದಾಟುವ ಪ್ರತಿ ವಸ್ತುವಿಗೂ ಒಂದು ನಂಬರ್ ಇರುತ್ತದೆ. ವಿಶ್ವ ಕಸ್ಟಮ್ಸ್ ಸಂಘಟನೆ ಮಾಡಿದ, 1988ರಿಂದ ಜಾರಿಯಲ್ಲಿರುವ ಎಚ್‌ಎಸ್ ಕೋಡ್ ಅದು. ಮೊದಲ ಆರು ಅಂಕಿ ಎಲ್ಲ ಕಡೆ ಒಂದೇ, ಅದರ ಮುಂದೆ ಬೇಕಾದ ಅಂಕಿಗಳನ್ನು ಆಯಾ ದೇಶ ತನಗೆ ಸರಿ ಕಂಡ ಹಾಗೆ ಸೇರಿಸಿಕೊಳ್ಳುತ್ತದೆ. ಅಲ್ಲಿ ಅಚ್ಚಾದ ಪುಸ್ತಕದ ಜಾಗ 4901. ಬರೆಯಲು ಇರುವ ನೋಟ್‌ಬುಕ್, ಡೈರಿ, ಲೆಕ್ಕದ ಪುಸ್ತಕ, ರಸೀದಿ ಪುಸ್ತಕ ಎಲ್ಲ 4820.10. ಎಷ್ಟೋ ದೇಶಗಳಲ್ಲಿ ಅಚ್ಚಾದ ಪುಸ್ತಕಕ್ಕೆ ಸುಂಕ ಇಲ್ಲ, ತೆರಿಗೆಯೂ ಕಡಿಮೆ. ಖಾಲಿ ಹಾಳೆಗೆ ಆ ಮರ್ಯಾದೆ ಇಲ್ಲ. ನಾನು ಕೋಡ್ ಜಾಗದಲ್ಲಿ ನೋಟ್‌ಬುಕ್ಕಿನದನ್ನು ಹಾಕಿ, ಪಕ್ಕದಲ್ಲಿ ಬುಕ್ಸ್ ಅಂತ ಬರೆದಿದ್ದೆ. ಆ ಕಡೆಯ ಅಧಿಕಾರಿಗೆ ಇದು ಸುಂಕ ತಪ್ಪಿಸುವ ಜಾಣತನ ಅನ್ನಿಸಿರಬೇಕು. ಅವರನ್ನೂ ಬೈಯುವ ಹಾಗಿಲ್ಲ.

ಅವರು ಸುಮ್ನೆ ವಾಪಸ್ ಕಳಿಸಿರಲಿಲ್ಲ. ಕೊಂಡವರಿಗೆ ಒಂದು ಮೆಸೇಜ್ ಹೋಗಿತ್ತು, ನಿಮ್ಮ ಪಾರ್ಸಲ್ ನಿಂತಿದೆ, ವಿವರ ಕೊಡಿ ಅಂತ. ಆದರೆ 'ನಿಮ್ಮ ಪಾರ್ಸಲ್ ಕಸ್ಟಮ್ಸಿನಲ್ಲಿ ನಿಂತಿದೆ, ಈ ಲಿಂಕ್ ಒತ್ತಿ' ಅನ್ನೋ ಮೋಸದ ಮೆಸೇಜು ಈಗ ಯಾರಿಗೆ ಬರಲ್ಲ ಹೇಳಿ? ಆಕೆ ಬುದ್ಧಿವಂತರು, ನೋಡಿದ ತಕ್ಷಣ ಅಳಿಸಿ ಹಾಕಿದ್ದಾರೆ. ನಿಜವಾದ ಮೆಸೇಜೂ ಕಳ್ಳ ಮೆಸೇಜೂ ಒಂದೇ ಥರ ಮಾತಾಡಿದರೆ ಹೀಗೇ ಆಗೋದು. ಗಡುವು ಮುಗಿಯಿತು, ಡಬ್ಬಿ ವಾಪಸ್ ಹೊರಟಿತು.

ಆರು ವರ್ಷದಿಂದ ನಾನು ಕೈಯಲ್ಲಿ ಹೊಲಿದ ನೋಟ್‌ಬುಕ್ಕುಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಕೊಳ್ಳುವವರಲ್ಲಿ ಹೆಚ್ಚಿನವರು ಬೇರೆ ದೇಶದವರು. ಶುರು ಮಾಡಿದಾಗ ಕಷ್ಟದ ಕೆಲಸ ಅಂದರೆ ಹೊಲಿಗೆ ಅಂದುಕೊಂಡಿದ್ದೆ. ಮೇಣ ಹಚ್ಚಿದ ದಾರ ಎಷ್ಟು ಬಿಗಿ ಎಳೆಯಬೇಕು, ಅಂಟು ಒಣಗಲು ಎಷ್ಟು ಹೊತ್ತು ಬಿಡಬೇಕು, ತಲೆ ಕೆಡಿಸಿಕೊಂಡಿದ್ದೆಲ್ಲ ಅದಕ್ಕೇ. ಆದರೆ ಹಿಂದೆ ತಿರುಗಿ ನೋಡಿದರೆ ನನ್ನ ಕೈ ಕೆಟ್ಟಿದ್ದರಿಂದ ಹಾಳಾದ ಆರ್ಡರು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಮಾತು ಕೆಟ್ಟಿದ್ದರಿಂದ. ಎದುರಿಗೆ ನಿಂತು ಕೊಳ್ಳುವವರು ವಸ್ತುವನ್ನು ಮುಟ್ಟಿ ನೋಡುತ್ತಾರೆ, ಪುಟ ತಿರುಗಿಸುತ್ತಾರೆ, ಮೂಸಿಯೂ ನೋಡುತ್ತಾರೆ (ನೋಟ್‌ಬುಕ್ ಕೊಳ್ಳುವವರು ಖಂಡಿತ ಮೂಸುತ್ತಾರೆ). ಸಂಶಯ ಬಂದರೆ ನನ್ನ ಮುಖ ನೋಡುತ್ತಾರೆ. ಸಮುದ್ರದ ಆಚೆ ಇರುವವರಿಗೆ ಇದು ಯಾವುದೂ ಇಲ್ಲ. ಅವರ ಕೈಗೆ ಮೊದಲು ಸಿಗುವುದು ನಾನು ಬರೆದ ನಾಲ್ಕು ಸಾಲು, ನಾಲ್ಕು ಫೋಟೋ.

ಆ ನಾಲ್ಕು ಸಾಲು ಕೂಡ ನಾನು ಬರೆದ ಹಾಗೇ ತಲುಪುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಒಮ್ಮೆ ನನ್ನದೇ ಪುಟವನ್ನು ಯಂತ್ರದಲ್ಲಿ ಬೇರೆ ಭಾಷೆಗೆ ತಿರುಗಿಸಿ, ಮತ್ತೆ ವಾಪಸ್ ತಿರುಗಿಸಿ ನೋಡಿದೆ. ಇಂಗ್ಲಿಷಿನಲ್ಲಿ 'ರೂಲ್ಡ್' ಅಂದರೆ ಗೆರೆ ಹಾಕಿದ್ದು ಅಂತಲೂ ಆಗುತ್ತದೆ, ಆಳಿಸಿಕೊಂಡದ್ದು ಅಂತಲೂ ಆಗುತ್ತದೆ. ನನ್ನ ಗೆರೆ ಹಾಳೆಯ ನೋಟ್‌ಬುಕ್ಕು ಯಾವುದೋ ರಾಜನ ಆಳ್ವಿಕೆಗೆ ಒಳಪಟ್ಟ ನೋಟ್‌ಬುಕ್ ಆಗಿ ವಾಪಸ್ ಬಂತು! ನಕ್ಕೆ, ಆಮೇಲೆ ಕೂತು ಎಲ್ಲ ಪುಟಗಳನ್ನೂ ಹೊಸದಾಗಿ ಬರೆದೆ. ಈಗ 'ಹಾಳೆಯ ಮೇಲೆ ಅಡ್ಡ ಗೆರೆಗಳಿವೆ, ಗೆರೆಗೂ ಗೆರೆಗೂ ನಡುವೆ 7 ಮಿಲಿಮೀಟರ್' ಅಂತ ಬರೆಯುತ್ತೇನೆ. ಉದ್ದವಾಗುತ್ತದೆ, ಆದರೆ ಯಾವ ಯಂತ್ರವೂ ಅದನ್ನು ಕೆಡಿಸಿಲ್ಲ. ಚಂದದ ಮಾತು ಯಂತ್ರದಲ್ಲಿ ಕೆಡುತ್ತದೆ. ಅಳತೆ ಕೆಡಲ್ಲ.

ಅಳತೆಗೂ ತನ್ನದೇ ತಕರಾರು ಇದೆ ಬಿಡಿ. ಎ5 ಹಾಳೆ ಅಂದರೆ 148 ಮತ್ತು 210 ಮಿಲಿಮೀಟರ್, ಪ್ರಪಂಚದ ಹೆಚ್ಚಿನ ಕಡೆ ಇದು ಮಕ್ಕಳಿಗೂ ಗೊತ್ತು. ಆದರೆ ಅಮೆರಿಕ, ಕೆನಡಾದಲ್ಲಿ ಬಳಕೆಯಲ್ಲಿರುವುದು ಲೆಟರ್ ಅಳತೆ. ಅದರ ಅರ್ಧ ಎ5ಗಿಂತ ತುಸು ಉದ್ದ, ಅಗಲ ಮಾತ್ರ ತುಸು ಕಡಿಮೆ. ಆ ಅರ್ಧಕ್ಕೆ ಮಾಡಿಸಿದ ಚರ್ಮದ ಕವರ್ ಇಟ್ಟುಕೊಂಡವರು ನನ್ನ ಎ5 ನೋಟ್‌ಬುಕ್ ತರಿಸಿ, ಅದು ಒಳಗೆ ಹೋಗಲಿಲ್ಲ ಅಂತ ಬರೆದರು. ಅಗಲದ ವ್ಯತ್ಯಾಸ 8 ಮಿಲಿಮೀಟರ್! ಅದಾದ ಮೇಲೆ ಪ್ರತಿ ಫೋಟೋದಲ್ಲೂ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯುತ್ತೇನೆ, ಸೆಂಟಿಮೀಟರ್ ಒಂದು ಕಡೆ, ಇಂಚು ಇನ್ನೊಂದು ಕಡೆ. ಡೈರಿ ಮಾರಿದ ವರ್ಷ ಇನ್ನೊಂದು ಪಾಠ ಸಿಕ್ಕಿತು. ವಾರ ಸೋಮವಾರ ಶುರುವಾಗುತ್ತದೋ ಭಾನುವಾರವೋ? 03/04 ಅಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ? ಒಂದು ಗುಂಪಿಗೆ ಒಂದು ಸರಿ, ಇನ್ನೊಂದಕ್ಕೆ ಇನ್ನೊಂದು. ಮರುವರ್ಷದಿಂದ ತಾರೀಕಿನ ಜಾಗ ಖಾಲಿ ಬಿಟ್ಟೆ.

ಇನ್ನು ಅಧಿಕಾರಿಗಳ ಜೊತೆಗಿನ ಮಾತು. ಮೊದಲು ಒಳಗೆ ಏನಿದೆ ಅಂತ ಕಸ್ಟಮ್ಸಿಗೆ ಹೇಳುವ ಒಂದು ಚಿಕ್ಕ ಚೀಟಿ ಅಂಟಿಸಿ, ಪೆನ್ನಿನಲ್ಲಿ ಏನೋ ಗೀಚಿದರೆ ನಡೆಯುತ್ತಿತ್ತು. ಸಿಎನ್22 ಅಂತಾರೆ ಅದಕ್ಕೆ. ಬೆಲೆ ಜಾಸ್ತಿ ಇದ್ದರೆ ಸಿಎನ್23. ಈಗ ಚೀಟಿಗಿಂತ ಮುಂಚೆ ಅದರಲ್ಲಿರುವ ಮಾಹಿತಿ ಕಂಪ್ಯೂಟರಿನ ಮೂಲಕ ಹೋಗಬೇಕು. ಯುರೋಪಿನ ಒಕ್ಕೂಟ 2021ರ ಮಾರ್ಚ್‌ನಿಂದ ವಿಮಾನದಲ್ಲಿ ಬರುವ ಅಂಚೆ ಮತ್ತು ಕೊರಿಯರ್ ಪಾರ್ಸಲ್‌ಗಳಿಗೆ ಇದನ್ನು ಶುರು ಮಾಡಿತು. ಡಬ್ಬಿ ವಿಮಾನ ಹತ್ತುವ ಮೊದಲೇ ಅದರೊಳಗೆ ಏನಿದೆ ಅಂತ ಆ ಕಡೆಯವರು ಓದಿರುತ್ತಾರೆ. ನಾನು ಟೇಪು ಹಚ್ಚುತ್ತಾ ಕೂತಿರುವಾಗಲೇ ನನ್ನ ಪದ ಅಲ್ಲಿಗೆ ತಲುಪಿರಬಹುದು, ಯೋಚಿಸಿದರೆ ವಿಚಿತ್ರ ಅಲ್ವಾ?

ಆ ಚೀಟಿಯಲ್ಲಿ ಕೆಲವು ಚೌಕಗಳಿರುತ್ತವೆ. ಉಡುಗೊರೆ, ದಾಖಲೆ, ಮಾದರಿ, ಮಾರಾಟದ ಸರಕು, ವಾಪಸ್ ಬಂದ ಸರಕು, ಇತರೆ. ಯಾವುದಕ್ಕೆ ಟಿಕ್ ಹಾಕಬೇಕು ಅನ್ನೋದರ ಮೇಲೆ ನಡೆದಷ್ಟು ಚೌಕಾಸಿ ಬೆಲೆಯ ಮೇಲೂ ನಡೆದಿಲ್ಲ. 'ದಯವಿಟ್ಟು ಉಡುಗೊರೆ ಅಂತ ಹಾಕಿ, ಬೆಲೆ ಸ್ವಲ್ಪ ಕಡಿಮೆ ತೋರಿಸಿ.' ಹತ್ತು ಆರ್ಡರಿಗೆ ಒಂದು ಸಲವಾದರೂ ಈ ಮಾತು ಬರುತ್ತದೆ. ಕೇಳುವವರು ಕೆಟ್ಟವರಲ್ಲ, ಎಷ್ಟೋ ಜನ ಮಾರುವವರು ಹಾಗೆ ಮಾಡಿಕೊಟ್ಟಿರುತ್ತಾರೆ, ಅವರಿಗೆ ಅದು ಸಹಜ ಅನ್ನಿಸಿಬಿಟ್ಟಿದೆ. ಶುರುವಿನಲ್ಲಿ ನಾನೂ ಎರಡು ಸಲ ಹಾಗೆ ಮಾಡಿದ್ದೇನೆ, ಒಪ್ಪಿಕೊಂಡುಬಿಡುತ್ತೇನೆ. ಎರಡನೆಯದು ದಾರಿಯಲ್ಲಿ ಕಳೆದುಹೋಯಿತು. ಪರಿಹಾರ ಕೇಳಲು ಹೋದರೆ ಚೀಟಿಯಲ್ಲಿ ಬರೆದ ಬೆಲೆಯಷ್ಟೇ ಸಿಕ್ಕಿತು, ಅಂದರೆ ನಿಜವಾದ ಬೆಲೆಯ ಕಾಲು ಭಾಗ. ಕೊಂಡವರಿಗೆ ಮಾತ್ರ ಪೂರ್ತಿ ದುಡ್ಡು ವಾಪಸ್ ಕೊಟ್ಟೆ. ನನ್ನ ಪ್ರಾಮಾಣಿಕತೆ ಅಲ್ಲಿಂದ ಶುರುವಾಯಿತು, ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ.

ಸುಂಕದ ವಿಷಯ ಬಂದರೆ ಸ್ನೇಹವೇ ಕೆಡುತ್ತದೆ. ಕೊಂಡವರು ನಾನು ಕೇಳಿದ ದುಡ್ಡು ಕೊಟ್ಟಾಗಿದೆ, ಮುಗಿಯಿತು ಅಂದುಕೊಂಡಿರುತ್ತಾರೆ. ಬಾಗಿಲಿಗೆ ಬಂದವನು ಇನ್ನಷ್ಟು ಕೊಡಿ ಅಂತಾನೆ, ತೆರಿಗೆ ಬೇರೆ, ಅದನ್ನು ವಸೂಲಿ ಮಾಡಿದ್ದಕ್ಕೆ ಕೂಲಿ ಬೇರೆ. ಕೆಲವೊಮ್ಮೆ ತೆರಿಗೆಗಿಂತ ಆ ಕೂಲಿಯೇ ಜಾಸ್ತಿ. ಅವರಿಗೆ ಕೋಪ ಬರುವುದು ನನ್ನ ಮೇಲೆ. ಕೊರಿಯರ್ ಭಾಷೆಯಲ್ಲಿ ಇದಕ್ಕೆ ಎರಡು ದಾರಿ. ಡಿಡಿಪಿ ಅಂದರೆ ಸುಂಕವೆಲ್ಲ ಮಾರುವವನೇ ಕಟ್ಟಿ ಬಾಗಿಲಿಗೆ ಮುಟ್ಟಿಸೋದು. ಡಿಎಪಿ ಅಂದರೆ ಬಾಗಿಲಿನ ತನಕ ನನ್ನ ಹೊಣೆ, ಸುಂಕ ನಿಮ್ಮದು. ನಾನು ವರ್ಷಗಟ್ಟಲೆ ಎರಡನೆಯದನ್ನೇ ಮಾಡುತ್ತಿದ್ದೆ, ಆದರೆ ಅದನ್ನು ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ ಹೇಳುತ್ತಿದ್ದೆ. ಹೇಳಿದ್ದೂ ಹೌದು, ಹೇಳದೇ ಇದ್ದದ್ದೂ ಹೌದು. ಈಗ ಬೆಲೆಯ ಪಕ್ಕದಲ್ಲೇ ಬರೆದಿದ್ದೇನೆ. ಆರ್ಡರು ಸ್ವಲ್ಪ ಕಡಿಮೆಯಾಯಿತು, ಜಗಳ ಅದಕ್ಕಿಂತ ಜಾಸ್ತಿ ಕಡಿಮೆಯಾಯಿತು.

ಕೆಲವು ವರ್ಷ ಚಿಕ್ಕ ಪಾರ್ಸಲ್‌ಗಳು ಸಲೀಸಾಗಿ ನುಸುಳಿ ಹೋಗುತ್ತಿದ್ದವು. ಯುರೋಪಿನ ಒಕ್ಕೂಟದಲ್ಲಿ 22 ಯೂರೋ ತನಕದ ಸರಕಿಗೆ ವ್ಯಾಟ್ ವಿನಾಯಿತಿ ಇತ್ತು. 2021ರ ಜುಲೈ 1ಕ್ಕೆ ಅದು ಹೋಯಿತು. ಬದಲಿಗೆ 150 ಯೂರೋ ತನಕದ ಸರಕಿನ ವ್ಯಾಟನ್ನು ಮಾರುವಾಗಲೇ ವಸೂಲಿ ಮಾಡಿ ಕಟ್ಟುವ ಒಂದು ವ್ಯವಸ್ಥೆ ಬಂತು. ದೊಡ್ಡ ಮಾರುಕಟ್ಟೆ ಸೈಟುಗಳ ಮೂಲಕ ಮಾರಿದರೆ ಅದನ್ನು ಅವರೇ ನೋಡಿಕೊಳ್ಳುತ್ತಾರೆ. ಅಮೆರಿಕದಲ್ಲಿ 2016ರಿಂದ 800 ಡಾಲರ್ ತನಕ ಸುಂಕವೇ ಇರಲಿಲ್ಲ. ಅದನ್ನೇ ನಂಬಿ ಎಷ್ಟು ಅಂಗಡಿಗಳು ಹುಟ್ಟಿಕೊಂಡವೋ. 2025ರ ಆಗಸ್ಟ್ 29ಕ್ಕೆ ಆ ಬಾಗಿಲೂ ಎಲ್ಲ ದೇಶಗಳಿಗೂ ಮುಚ್ಚಿತು. ಸುಂಕವನ್ನು ಯಾರು, ಹೇಗೆ ಕಟ್ಟಬೇಕು ಅನ್ನೋದೇ ಸ್ಪಷ್ಟವಿಲ್ಲದೆ ಬೇರೆ ಬೇರೆ ದೇಶಗಳ ಅಂಚೆಯವರು ಅಮೆರಿಕಕ್ಕೆ ಪಾರ್ಸಲ್ ತೆಗೆದುಕೊಳ್ಳುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದರು. ಆ ವಾರ ನನ್ನ ಕಪಾಟಿನ ಮೇಲೆ ಕಟ್ಟಿ, ವಿಳಾಸ ಅಂಟಿಸಿದ್ದ ಮೂರು ಡಬ್ಬಿಗಳು ಹಾಗೇ ಕೂತಿದ್ದವು. ಮೂವರಿಗೂ ಬರೆದೆ. ಒಬ್ಬರು ದುಡ್ಡು ವಾಪಸ್ ಕೇಳಿದರು, ಒಬ್ಬರು ಕಾಯುತ್ತೇನೆ ಅಂದರು, ಇನ್ನೊಬ್ಬರು ತಮ್ಮ ಸರ್ಕಾರದ ಪರವಾಗಿ ನನ್ನಲ್ಲಿ ಕ್ಷಮೆ ಕೇಳಿದರು! ಅದಕ್ಕೆ ಏನು ಉತ್ತರ ಬರೆಯಬೇಕು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇದಕ್ಕೂ ಸ್ವಲ್ಪ ಮುಂಚೆ, 2024ರ ಡಿಸೆಂಬರ್ 13ರಿಂದ ಯುರೋಪಿನ ಒಕ್ಕೂಟದಲ್ಲಿ ಇನ್ನೊಂದು ನಿಯಮ ಬಂದಿತ್ತು. ಅಲ್ಲಿ ಮಾರುವ ಬಳಕೆಯ ವಸ್ತುಗಳಿಗೆ ಅಲ್ಲೇ ನೆಲೆಸಿರುವ ಒಬ್ಬ ಹೊಣೆಗಾರ ಬೇಕು, ಅವರ ಹೆಸರು, ವಿಳಾಸ ವಸ್ತುವಿನ ಜೊತೆಗಿರಬೇಕು. ಉದ್ದೇಶ ಒಳ್ಳೆಯದೇ. ಬೆಂಕಿ ಹತ್ತುವ ಚಾರ್ಜರು, ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಆಟಿಕೆ ಮಾರಿ ನಾಪತ್ತೆಯಾಗುವವರನ್ನು ಹಿಡಿಯಬೇಕಲ್ಲ. ಆದರೆ ಬಲೆ ಬೀಸಿದಾಗ ನನ್ನಂಥ ಸಣ್ಣ ಮೀನೂ ಸಿಕ್ಕಿತು. ನೋಟ್‌ಬುಕ್ಕಿನಿಂದ ಯಾರಿಗೆ ಏನು ಅಪಾಯ, ಹೆಚ್ಚೆಂದರೆ ಹಾಳೆಯ ಅಂಚು ಬೆರಳು ಕೊಯ್ಯಬಹುದು. ಐದು ತಿಂಗಳು ಯುರೋಪಿಗೆ ಅಂಗಡಿ ಮುಚ್ಚಿದೆ. ಆಮೇಲೆ ವರ್ಷಕ್ಕಿಷ್ಟು ಅಂತ ದುಡ್ಡು ತೆಗೆದುಕೊಂಡು ಹೊಣೆಗಾರರಾಗುವ ಒಂದು ಸಂಸ್ಥೆಗೆ ಕಟ್ಟಿ ತೆರೆದೆ. ನನ್ನ ಪ್ರತಿ ನೋಟ್‌ಬುಕ್ಕಿನ ಜೊತೆ ಈಗ ಒಂದು ಚೀಟಿ ಹೋಗುತ್ತದೆ, ಅದರಲ್ಲಿ ನಾನು ಯಾವತ್ತೂ ಮುಖ ನೋಡಿರದವರ ವಿಳಾಸ ಇರುತ್ತದೆ.

ಪಾರ್ಸಲ್ ಕಟ್ಟುವ ಕೆಲಸದ ಬಗ್ಗೆ ಹೇಳದೇ ಇರಲಾರೆ, ಯಾಕೆಂದರೆ ನನಗೆ ಇಷ್ಟವಾದ ಭಾಗ ಅದು. ನೋಟ್‌ಬುಕ್ಕಿಗೆ ಶತ್ರುಗಳು ಎರಡು, ನೀರು ಮತ್ತು ಮೂಲೆಗೆ ಬೀಳುವ ಪೆಟ್ಟು. ಮೊದಲು ತೆಳು ಕಾಗದ, ಅದರ ಮೇಲೆ ಬಾಯಿ ಅಂಟಿಸಿದ ಪ್ಲಾಸ್ಟಿಕ್ ಚೀಲ, ನಾಲ್ಕು ಮೂಲೆಗೂ ರಟ್ಟು ಮಡಿಸಿ ಮಾಡಿದ ಟೊಪ್ಪಿಗೆ, ಆಮೇಲೆ ಡಬ್ಬಿ. ಮುಚ್ಚಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಒಳಗೆ ಏನಾದರೂ ಸದ್ದು ಬಂದರೆ ಮತ್ತೆ ಬಿಚ್ಚಬೇಕು. ಸದ್ದು ಮಾಡುವ ಡಬ್ಬಿಯಲ್ಲಿ ಜಾಗ ಇದೆ ಅಂತ ಅರ್ಥ, ಜಾಗ ಇದ್ದರೆ ಪೆಟ್ಟು ಗ್ಯಾರಂಟಿ. ಒಮ್ಮೆ ಮಾತ್ರ ಚಂದ ಕಾಣಲಿ ಅಂತ ನಾಲ್ಕು ನೋಟ್‌ಬುಕ್ಕನ್ನು ದೊಡ್ಡ ಡಬ್ಬಿಯಲ್ಲಿಟ್ಟು ಸುತ್ತ ಕಾಗದದ ಸುರುಳಿ ತುಂಬಿ ಕೊರಿಯರಿಗೆ ಒಯ್ದೆ. ತೂಕ 1.6 ಕೆಜಿ. ಬಿಲ್ಲಿನಲ್ಲಿ 3.5 ಕೆಜಿ! ತಕ್ಕಡಿ ಸರಿಯಿಲ್ಲ ಅಂತ ವಾದಕ್ಕಿಳಿದೆ. ಆ ಹುಡುಗ ತಾಳ್ಮೆಯಿಂದ ಟೇಪು ಹಿಡಿದು ಅಳೆದು ತೋರಿಸಿದ. 35, 25, 20 ಸೆಂಟಿಮೀಟರ್. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ ಮೂರೂವರೆ. ವಿಮಾನದಲ್ಲಿ ತೂಕದಷ್ಟೇ ಜಾಗಕ್ಕೂ ಬೆಲೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಹಾಕುತ್ತಾರೆ. ನಾನು ದುಡ್ಡು ಕೊಟ್ಟು ಕಳಿಸಿದ್ದು ಅರ್ಧಕ್ಕಿಂತ ಹೆಚ್ಚು ಗಾಳಿಯನ್ನು.

ವಿಳಾಸಗಳನ್ನು ಬರೆಯುತ್ತಾ ಬರೆಯುತ್ತಾ ಒಂದು ಮಜಾ ಗೊತ್ತಾಯಿತು. ಜರ್ಮನಿಯಲ್ಲಿ ಬೀದಿಯ ಹೆಸರು ಮೊದಲು, ಮನೆ ನಂಬರ್ ಆಮೇಲೆ. ಜಪಾನಿನಲ್ಲಿ ಅವರ ಭಾಷೆಯಲ್ಲಿ ಬರೆದರೆ ದೊಡ್ಡ ಪ್ರಾಂತದಿಂದ ಶುರುವಾಗಿ ಇಳಿಯುತ್ತಾ ಇಳಿಯುತ್ತಾ ಮನೆಗೆ ಬಂದು, ಕೊನೆಗೆ ಹೆಸರು. ಐರ್ಲೆಂಡಿನಲ್ಲಿ ದೇಶಕ್ಕೆಲ್ಲ ಒಂದು ಪೋಸ್ಟ್‌ಕೋಡ್ ವ್ಯವಸ್ಥೆ ಬಂದದ್ದೇ 2015ರಲ್ಲಿ. ಹಾಂಗ್‌ಕಾಂಗಿನಲ್ಲಿ ಇವತ್ತಿಗೂ ಇಲ್ಲ, ಆದರೆ ನನ್ನ ಅಂಗಡಿಯ ಫಾರಂ ಆ ಜಾಗ ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಅಲ್ಲಿನವರು ಬೇಸತ್ತು 000000 ಅಂತ ತುಂಬಿರುತ್ತಿದ್ದರು, ನಾನು ಹುಸಿ ಆರ್ಡರ್ ಅಂತ ಒಂದನ್ನು ರದ್ದು ಮಾಡಿಯೂ ಬಿಟ್ಟೆ. ಪಾಪ. ಈಗ ವಿಳಾಸವನ್ನು ನಾನು ತಿದ್ದುವುದೇ ಇಲ್ಲ. ಅವರು ಕೊಟ್ಟ ಹಾಗೆ, ಅವರ ಲಿಪಿಯಲ್ಲೇ ಇದ್ದರೆ ಹಾಗೇ ಅಚ್ಚು ಹಾಕಿ, ಕೊನೆಯ ಸಾಲಿನಲ್ಲಿ ದೇಶದ ಹೆಸರನ್ನು ಮಾತ್ರ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಈ ಕಡೆಯವರಿಗೆ ಆ ಒಂದು ಸಾಲು ಸಾಕು, ಉಳಿದದ್ದು ಆ ಕಡೆಯವರು ಓದಿಕೊಳ್ಳುತ್ತಾರೆ.

ಕಳಿಸಿದ ಮೇಲಿನ ಕಾಯುವಿಕೆ ಎರಡೂ ಕಡೆ ಇರುತ್ತದೆ. ಅಂಚೆಯ ಟ್ರ್ಯಾಕಿಂಗ್ ನಂಬರಿನಲ್ಲಿ 13 ಜಾಗ, ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆ ದೇಶದ ಎರಡು ಅಕ್ಷರ. ಒಂಬತ್ತನೇ ಅಂಕಿ ಸುಮ್ನೆ ಇರುವುದಲ್ಲ, ಅದು ಮೊದಲಿನ ಎಂಟರ ಕಾವಲಿಗೆ ಇರುವುದು. ಆ ಎಂಟು ಅಂಕಿಗಳಿಂದಲೇ ಅದನ್ನು ಲೆಕ್ಕ ಹಾಕುತ್ತಾರೆ, ಅಂಕಿ ಹೆಚ್ಚುಕಮ್ಮಿಯಾದರೆ ಲೆಕ್ಕ ತಾಳೆಯಾಗಲ್ಲ. ನಾನು ಒಮ್ಮೆ ಎರಡು ಅಂಕಿ ಅದಲುಬದಲು ಮಾಡಿ ಕಳಿಸಿದಾಗ ಸೈಟು 'ಇಂಥ ನಂಬರೇ ಇಲ್ಲ' ಅಂದದ್ದು ಇದರಿಂದಲೇ. ಕೊಂಡವರು ಮಾತ್ರ ನಾನು ಏನೂ ಕಳಿಸಿಯೇ ಇಲ್ಲ ಅಂದುಕೊಂಡರು. ನಂಬರ್ ಸರಿ ಇದ್ದರೂ ಮಧ್ಯೆ ಒಂದು ಮೌನ ಬರುತ್ತದೆ. 'ದೇಶ ಬಿಟ್ಟಿತು' ಅಂತ ಬಂದ ಮೇಲೆ ಹತ್ತು ಹನ್ನೆರಡು ದಿನ ಏನೂ ಇಲ್ಲ. ಆಗ ನನಗೆ ಗಾಬರಿ, ಅವರಿಗೆ ಅನುಮಾನ. ನಾನೇ ಮುಂಚೆ ಬರೆದುಬಿಡುತ್ತೇನೆ, 'ಈಗ ಕೆಲವು ದಿನ ಏನೂ ಕಾಣಿಸಲ್ಲ, ಹೆದರಬೇಡಿ' ಅಂತ. ಅದನ್ನು ಬರೆಯಲು ಶುರು ಮಾಡಿದ ಮೇಲೆ 'ಎಲ್ಲಿ ನನ್ನ ಪಾರ್ಸಲ್' ಅನ್ನೋ ಇಮೇಲ್ ಬರುವುದು ಬಹುಪಾಲು ನಿಂತಿದೆ. ಒಂದು ದೇಶದಲ್ಲಿ ಸ್ಟಾಂಪಿಗೆ ದುಡ್ಡು ಕೊಟ್ಟರೆ ಇನ್ನೊಂದು ದೇಶದವನು ತಂದು ಮುಟ್ಟಿಸುತ್ತಾನೆ ಅನ್ನೋ ಈ ಒಪ್ಪಂದ 1874ರದ್ದು, ಬರ್ನ್ ನಗರದಲ್ಲಿ 22 ದೇಶಗಳು ಸಹಿ ಹಾಕಿದ್ದು. ಹೀಗೆ ತಲುಪುತ್ತದಲ್ಲ ಅನ್ನೋದೇ ದೊಡ್ಡ ಆಶ್ಚರ್ಯ ಅಂತ ಎಷ್ಟೋ ಸಲ ಅನ್ನಿಸಿದೆ, ಪಾರ್ಸಲ್ ಕಳೆದ ದಿನ ಬಿಟ್ಟು.

ದುಡ್ಡಿನ ವಿಷಯ ಜಾಸ್ತಿ ಬರೆಯಲ್ಲ. ಅವರ ದುಡ್ಡು ನನ್ನ ದುಡ್ಡಾಗುವಷ್ಟರಲ್ಲಿ ನಡುವೆ ಇರುವವರೆಲ್ಲ ಒಂದೊಂದು ಚಿಟಿಕೆ ತೆಗೆಯುತ್ತಾರೆ, ಆ ಚಿಟಿಕೆಗಳನ್ನು ಬೆಲೆಯಲ್ಲೇ ಸೇರಿಸಿಕೊಳ್ಳದಿದ್ದರೆ ವರ್ಷದ ಕೊನೆಗೆ ಹೊಲಿದದ್ದೆಲ್ಲ ಪುಕ್ಕಟೆ. ಕೈಗೆ ಬಂದ ದುಡ್ಡೂ ಪೂರ್ತಿ ನಮ್ಮದಲ್ಲ. ಪೇಪಾಲ್‌ನಲ್ಲಿ ಕೊಂಡವರು ದೂರು ಹಾಕಲು 180 ದಿನ ಇರುತ್ತದೆ. ಅಷ್ಟು ದಿನ ತಲುಪಿದ ದಾಖಲೆ, ಚೀಟಿಯ ಫೋಟೋ ಎಲ್ಲ ಇಟ್ಟುಕೊಂಡಿರಬೇಕು.

ವಾಪಸ್ ಬಂದ ಆ ಡಬ್ಬಿಯ ಕತೆ ಅಲ್ಲಿಗೆ ನಿಲ್ಲಲಿಲ್ಲ. ಆಕೆಗೆ ಆಗಲೇ ದುಡ್ಡು ವಾಪಸ್ ಕೊಟ್ಟಿದ್ದೆ. ಡಬ್ಬಿಯ ಫೋಟೋ ತೆಗೆದು ಕಳಿಸಿ, ತಪ್ಪು ನನ್ನದೇ, ನೋಡಿ ಏನಾಗಿದೆ ಅಂತ ಎಲ್ಲ ಬಿಡಿಸಿ ಬರೆದೆ. 'ನಾನು ಅಳಿಸಿದ ಮೆಸೇಜು ನಿಜದ್ದಾ?' ಅಂತ ಆಕೆಗೂ ನಗು. ಸ್ಟಿಕ್ಕರಿನ ಮೇಲೆ ಏನಿದೆ ಅಂತ ಅವರೇ ಓದಿ ಹೇಳಿದರು, 'ವಿವರಣೆ ಸಾಲದು' ಅಂತ ಇತ್ತಂತೆ. ಹೋದ ತಿಂಗಳು ಮತ್ತೆ ಅದೇ ಎರಡು ನೋಟ್‌ಬುಕ್ ಆರ್ಡರ್ ಮಾಡಿದ್ದಾರೆ. ಈ ಸಲ ತಂಗಿಯ ಹುಟ್ಟುಹಬ್ಬಕ್ಕೆ, ನೇರ ಅವಳ ವಿಳಾಸಕ್ಕೇ ಕಳಿಸಿ ಅಂದರು. ಕೊನೆಯಲ್ಲಿ ಒಂದು ಸಾಲು: 'ಇದು ನಿಜವಾಗಿಯೂ ಉಡುಗೊರೆ, ಈಗಲಾದರೂ ಉಡುಗೊರೆ ಅಂತ ಬರೀಬಹುದಾ?'

ಬರೆದೆ. ಒಳಗಿಡುವ ಕಾರ್ಡಿನ ಮೇಲೆ, ಆಕೆ ಹೇಳಿದ ಮಾತನ್ನು ಹಾಗೇ, ನನ್ನ ಕೈಲಾದಷ್ಟು ಅಂದವಾಗಿ. ಹೊರಗಿನ ಚೀಟಿಯಲ್ಲಿ ಮಾರಾಟದ ಸರಕಿಗೆ ಟಿಕ್ ಹಾಕಿದೆ, ಯಾಕೆಂದರೆ ದುಡ್ಡು ತೆಗೆದುಕೊಂಡು ಕಳಿಸುತ್ತಿರುವವನು ನಾನು. ವಿವರದ ಜಾಗದಲ್ಲಿ ಬರೆದದ್ದು: ಬರೆಯಲು ಬಳಸುವ ನೋಟ್‌ಬುಕ್, ಖಾಲಿ ಹಾಳೆ, ಏನೂ ಅಚ್ಚಾಗಿಲ್ಲ, ಎರಡು.